ಕಿವಿಗಂಬ ಮುನ್ನೂರ ಹದಿನೇಳು

ಕಣ್ಣಿಗೆ ಕಂಡದ್ದು ಸಾಕ್ಷಿಯಲ್ಲ ಎಂಬ ಕಾನೂನು ಬಂದು ಹನ್ನೊಂದು ವರ್ಷವಾಗಿತ್ತು. ಬರದೆ ಇನ್ನೇನಾದೀತು? ಯಂತ್ರಕ್ಕೆ ಒಂದು ಮಾತು ಹೇಳಿದರೆ ಸಾಕು, ಇಲ್ಲದ ಹುಲಿಯ ಫೋಟೊ ಕ್ಷಣಾರ್ಧದಲ್ಲಿ ತಯಾರಾಗುತ್ತಿದ್ದ ಕಾಲ. ಅಣೆಕಟ್ಟು ಬೇಡ ಎನ್ನುವವರು ಸಿಂಗಳೀಕದ ಚಿತ್ರ ಹಿಡಿದು ಬಂದರು, ಬೇಕು ಎನ್ನುವವರು ಅದೇ ಜಾಗದ ಬೋಳು ಬಂಡೆಯ ಚಿತ್ರ ಹಿಡಿದು ಬಂದರು, ಎರಡೂ ಅಪ್ಪಟ ಸುಳ್ಳು. ಇನ್ನು ಕೆಲವು ಮಹಾನುಭಾವರು ಎಲ್ಲಿಂದಲೋ ಡಬ್ಬಿಯಲ್ಲಿ ಕಪ್ಪೆ ತಂದು ಹಳ್ಳಕ್ಕೆ ಬಿಟ್ಟು, ತಾವೇ ಕಂಡುಹಿಡಿದವರಂತೆ ಕುಣಿದರು. ನ್ಯಾಯಾಲಯಗಳು ರೋಸಿಹೋದವು. ಚಿತ್ರ ಬೇಡ, ಹಿಡಿದು ತಂದ ಪ್ರಾಣಿಯೂ ಬೇಡ, ಮನುಷ್ಯರ ಮಾತಂತೂ ಬೇಡವೇ ಬೇಡ ಎಂದಾಯಿತು.

ಆಗ ಬಂದವು ಕಿವಿಗಂಬಗಳು. ಘಟ್ಟದ ಉದ್ದಕ್ಕೂ ಅರ್ಧ ಮೈಲಿಗೊಂದರಂತೆ ಆಳೆತ್ತರದ ಬೂದು ಕಂಬ, ತುದಿಯಲ್ಲಿ ನಾಲ್ಕು ಮೈಕು, ಬುಡದಲ್ಲಿ ಯಾರೂ ಬಿಚ್ಚಲಾಗದ ಪೆಟ್ಟಿಗೆ. ಕೇಳಿದ ಪ್ರತಿ ಸದ್ದಿಗೂ ಸಮಯದ ಮೊಹರು ಬಿದ್ದು ಅದು ಕುಮಟಾದ ಜೀವಧ್ವನಿ ಕೇಂದ್ರಕ್ಕೆ ಬರುತ್ತಿತ್ತು. ಅಲ್ಲಿದ್ದ ಕೇಳುಯಂತ್ರ, ಇದು ಮಂಗಟ್ಟೆ ಹಕ್ಕಿ, ಇದು ಕೆಂಜಳಿಲು, ಇದು ಇಂಥ ಮರಗಪ್ಪೆ ಎಂದು ಹೆಸರು ಬರೆಯುತ್ತಿತ್ತು. ಬರೆದರೆ ಆ ಜೀವ ಉಂಟು, ಬರೆಯದಿದ್ದರೆ ಇಲ್ಲ. ಹತ್ತು ವರ್ಷ ಅಪರೂಪದ ದನಿ ಒಂದೂ ಕೇಳಿಸದ ಜಾಗ ಖಾಲಿ ಪಟ್ಟಿಗೆ ಸೇರುತ್ತಿತ್ತು. ಖಾಲಿ ಪಟ್ಟಿಗೆ ಸೇರಿತೆಂದರೆ ಅಲ್ಲಿ ಸುರಂಗ ಕೊರೆಯಬಹುದು, ನೀರು ನಿಲ್ಲಿಸಬಹುದು, ಕೇಳುವವರಿಲ್ಲ.

ಮೋಹಿನಿ ನಾಯ್ಕ ಆ ಕೇಂದ್ರದಲ್ಲಿ ಗುರುತುಗಾರ್ತಿ. ಕೇಳುಯಂತ್ರಕ್ಕೆ ಅನುಮಾನ ಬಂದ ಸದ್ದುಗಳನ್ನು ಹೆಡ್‌ಫೋನಿನಲ್ಲಿ ಕೇಳಿ ತೀರ್ಪು ಹೇಳುವುದು ಅವಳ ಕೆಲಸ. ಮರಗಪ್ಪೆಗಳ ಅರವತ್ತೊಂದು ದನಿ ಅವಳಿಗೆ ಬಾಯಿಪಾಠ. ಆದರೆ ಎಲೆಯ ಮೇಲೆ ಕೂತ ಮರಗಪ್ಪೆಯನ್ನು ಕಣ್ಣಾರೆ ನೋಡಿ ಯಾವ ಕಾಲವಾಯಿತೋ ಅವಳಿಗೇ ನೆನಪಿಲ್ಲ. ನೋಡಿ ಪ್ರಯೋಜನವೂ ಇರಲಿಲ್ಲವಲ್ಲ.

ಆಷಾಢದ ಒಂದು ಶುಕ್ರವಾರ ಹೊಸ ಖಾಲಿ ಪಟ್ಟಿಯ ಕರಡು ಅವಳ ಮೇಜಿಗೆ ಬಂತು. ಕೇಂದ್ರದ ಮುಖ್ಯಸ್ಥ ಹುಕ್ಕೇರಿ ತಾವೇ ತಂದಿಟ್ಟರು. ಧಾರವಾಡದ ಕಡೆಯವರು, ಕಿವಿಗಂಬಗಳ ಜಾಲವನ್ನು ಮೊದಲ ತಂತಿಯಿಂದ ಕಟ್ಟಿದವರು, ಕಂಬಕ್ಕೆ ಗೆದ್ದಲು ಹತ್ತಿದರೆ ಊಟ ಬಿಡುವ ಜಾತಿ.

"ಸೋಮವಾರ ಸಂಜೀ ಐದಕ್ಕ ಪಟ್ಟಿ ಮುಚ್ಚತದ. ಏನರ ತಕರಾರಿದ್ರ ಅದರೊಳಗ ಹೇಳ್ರಿ. ಆಮ್ಯಾಲೆ ನಾನೂ ಏನೂ ಮಾಡಾಕ ಬರೂದಿಲ್ಲ."

ಏಳನೇ ಸಾಲಿನಲ್ಲಿ ಮೋಹಿನಿಯ ಬೆರಳು ನಿಂತಿತು. ಹಾಲ್ಮಡಿ ಕೊಳ್ಳ, ಕಿವಿಗಂಬ ಮುನ್ನೂರ ಹದಿನೇಳು. ಅಪರೂಪದ ಜೀವಧ್ವನಿ: ಇಲ್ಲ. ಮಾನವ ಚಟುವಟಿಕೆ: ಬೈನೆ ಕುಟ್ಟುವಿಕೆ, ಇನ್ನೂರ ಹತ್ತೊಂಬತ್ತು ದಿನ. ಶಿಫಾರಸು: ಖಾಲಿ.

ಆ ಇನ್ನೂರ ಹತ್ತೊಂಬತ್ತು ಯಾರ ತಲೆಗೆ ಬಂದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅಪ್ಪ ಮಾಸ್ತಪ್ಪ ನಾಯ್ಕ ನಲವತ್ತು ವರ್ಷ ಬೈನೆ ಮರ ಹತ್ತಿ ಹೆಂಡ ಇಳಿಸಿದವನು. ಬೈನೆಯ ಹೂಗೊನೆಯ ದಂಟನ್ನು ಸಣ್ಣ ಕೊಡತಿಯಿಂದ ದಿನಗಟ್ಟಲೆ ಹದವಾಗಿ ಕುಟ್ಟಬೇಕು, ಆಮೇಲೆ ಕೊಯ್ದರೆ ರಸ ಇಳಿಯುತ್ತದೆ. ಬೇಸಿಗೆಯಲ್ಲಿ, ಗೊತ್ತುಮಾಡಿದ ಮರಗಳಲ್ಲಿ ಮಾತ್ರ ಇಳಿಸಲು ಅವನಿಗೆ ಕಾಡುಚೀಟಿ ಇತ್ತು. ಹಾಲ್ಮಡಿ ಕೊಳ್ಳ ಆ ಚೀಟಿಯಲ್ಲಿರಲಿಲ್ಲ. ಆದರೂ ಅಲ್ಲಿ ವರ್ಷ ವರ್ಷವೂ ಕುಟ್ಟುವ ಸದ್ದು ದಾಖಲಾಯಿತು, ಆ ಸುತ್ತಿನಲ್ಲಿ ಬೈನೆ ಹತ್ತುವವರಲ್ಲಿ ಉಳಿದಿದ್ದವನು ಮಾಸ್ತಪ್ಪ ಒಬ್ಬನೇ. ನಾಲ್ಕು ವರ್ಷದ ಹಿಂದೆ ಅವನ ಚೀಟಿ ರದ್ದಾಯಿತು. ಅವತ್ತು ಅಪ್ಪ "ನಾ ಕುಟ್ಟಲಿಲ್ಲ ಮಗಾ" ಎಂದಾಗ, ಮೋಹಿನಿ ಕೊರಳಲ್ಲಿ ಕೇಂದ್ರದ ಬಿಲ್ಲೆ ಹಾಕಿಕೊಂಡೇ "ಅಪ್ಪ, ಯಂತ್ರ ಸುಳ್ಳು ಹೇಳೂದಿಲ್ಲ" ಎಂದಿದ್ದಳು. ಆ ಮಾತನ್ನು ಅವಳು ಮರೆತಿದ್ದಳು. ಅಪ್ಪ ಮರೆತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕ್ವಾರ್ಟರ್ಸಿಗೆ ಹೋದಾಗ ಅಮ್ಮ ಗೌರಿ ಬಂಗಡೆ ಹುರಿಯುತ್ತಿದ್ದಳು. ಚೀಟಿ ಹೋದ ಮೇಲೆ ಅಪ್ಪ ಅಮ್ಮ ಇಬ್ಬರೂ ಮಗಳ ಜೊತೆಗೇ ಇದ್ದರು. ಮಾಸ್ತಪ್ಪನಿಗೆ ಇಲ್ಲಿ ಹತ್ತಲು ಇದ್ದದ್ದು ಎರಡನೇ ಮಹಡಿಯ ಮೆಟ್ಟಿಲು ಮಾತ್ರ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುತ್ತಿದ್ದ.

"ಹಾಲ್ಮಡಿ ಖಾಲಿ ಪಟ್ಟಿಗೆ ಬಂತು" ಎಂದು ಮೋಹಿನಿ ತಟ್ಟೆಯ ಮುಂದೆ ಕೂತು ಹೇಳಿದಳು.

ಅಪ್ಪ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಖಾಲಿ? ಹಾಲ್ಮಡಿ ಖಾಲಿ ಅಂತ ಹೇಳ್ದವ ಯಾವ ಮಳ್ಳ?"

"ಕಂಬಕ್ಕೆ ಎಂತದೂ ಕೇಳ್ಲಿಲ್ಲ ಅಪ್ಪ. ಕುಟ್ಟೂ ಸದ್ದು ಮಾತ್ರ."

"ಯಾವಾಗ ಕುಟ್ಟಿದ್ದಂತೆ? ತಿಂಗಳು ಹೇಳು."

ಮೋಹಿನಿ ನೆನಪು ಮಾಡಿಕೊಂಡಳು. ಜೂನ್, ಜುಲೈ, ಆಗಸ್ಟ್. ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು.

"ಆಷಾಢದ ಮಳೇಲಿ ಬೈನೆ ಹತ್ತೂಕೆ ನಂಗೆಂತ ಹುಚ್ಚನಾ?" ಮಾಸ್ತಪ್ಪ ತಟ್ಟೆ ದೂಡಿದ. "ಮರ ಪಾಚಿಗಟ್ಟಿ ಜಾರ್ತದೆ. ರಸಕ್ಕೆ ನೀರು ಬೀಳ್ತದೆ. ಹೆಂಡ ಇಳ್ಸೂದು ಬೇಸ್ಗೇಲಿ ಅಂತ ಇವಳಿಗೂ ಗೊತ್ತದೆ, ಬೆಕ್ಕಿಗೂ ಗೊತ್ತದೆ. ನಿಮ್ಮ ಕೇಂದ್ರಕ್ಕೆ ಗೊತ್ತಿಲ್ಲ. ನಾಲ್ಕು ವರ್ಷ ಆಯ್ತು, ಒಬ್ರಾದ್ರೂ ತಿಂಗಳು ಯಾವುದು ಅಂತ ನನ್ನ ಕೇಳ್ಲಿಲ್ಲ. ನೀನೂ ಕೇಳ್ಲಿಲ್ಲ."

ಅಮ್ಮ ಒಲೆಯ ಕಡೆಯಿಂದಲೇ, "ಅವಳು ಉಣ್ಲಿ, ಆಮೇಲೆ ಬೈಯಿ" ಎಂದಳು. ಮೋಹಿನಿಗೆ ಬೈಸಿಕೊಂಡದ್ದಕ್ಕಲ್ಲ ನಾಚಿಕೆಯಾದದ್ದು. ಹೆಂಡ ಇಳಿಸುವವನ ಮಗಳಾಗಿ ತನಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಹಂಗಾರೆ ಕುಟ್ಟೂದು ಯಾರು?"

"ಕುಟ್ಟುಗಪ್ಪೆ" ಎಂದ ಮಾಸ್ತಪ್ಪ, ಪಕ್ಕದ ಮನೆಯವರ ಹೆಸರು ಹೇಳಿದಂತೆ. "ಬೈನೆ ಎಲೆ ಅಡಿಗೆ ಇರ್ತದೆ. ಮಳೆ ಬಂದ್ರೆ ಕುಟ್ತದೆ. ನಮ್ಮ ಅಜ್ಜನ ಕಾಲದಿಂದ ಅದು ಇದ್ದ ಮರಕ್ಕೆ ನಾವು ಕೈ ಹಚ್ಚೂದಿಲ್ಲ. ಆ ಮರಕ್ಕೆ ಆಗ್ಲೇ ಒಬ್ಬ ಕುಟ್ಟೂವವ ಇದ್ದ ಅಂತ ಬಿಟ್ಟು ಬರೂದು. ಹಾಲ್ಮಡೀಲಿ ಎಲ್ಲಾ ಮರಕ್ಕೂ ಅದೆ. ಹಂಗಾಗೇ ನಾನು ಅಲ್ಲಿಗೆ ಕೊಡತಿ ತಕಂಡು ಹೋದವನೇ ಅಲ್ಲ."

ಅರವತ್ತೊಂದು ಮರಗಪ್ಪೆ ಬಾಯಿಪಾಠ ಮಾಡಿದ್ದ ಮೋಹಿನಿ ಆ ಹೆಸರನ್ನು ಎಂದೂ ಕೇಳಿರಲಿಲ್ಲ. ಕೇಳಿಸಿಕೊಳ್ಳುವ ಕೆಲಸದಲ್ಲಿದ್ದವಳು ಮನೆಯಲ್ಲಿ ಯಾರನ್ನೂ ಕೇಳಿರಲಿಲ್ಲ. "ನಾಳೆ ತೋರಿಸ್ತ್ಯಾ?" ಎಂದಳು.

ಶನಿವಾರ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅಪ್ಪ ಮಗಳು ಹೊರಟರು. ಕಾಡಿನ ಬಾಯಿಯಲ್ಲಿ ಚೀಟಿ ಇಲ್ಲದವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಮೋಹಿನಿ ಹಿಂದೆ ಮುಂದೆ ನೋಡಿದಳು. ಮಾಸ್ತಪ್ಪ ಬೋರ್ಡಿನ ಕೆಳಗೇ ನಿಂತು ಪಂಚೆ ಎತ್ತಿ ಕಟ್ಟಿದ.

"ಕಣ್ಣಿಗೆ ಕಂಡದ್ದು ಸಾಕ್ಷಿ ಅಲ್ಲ ಅಲ್ದನಾ? ಹಂಗಾರೆ ನಾನು ಒಳಗೆ ಹೋದ್ದನ್ನ ಯಾರು ಕಂಡ್ರೂ ಅಡ್ಡಿಲ್ಲ" ಎಂದು ಎದೆ ಸೆಟೆಸಿಕೊಂಡು ನಡೆದೇಬಿಟ್ಟ. ನಾಲ್ಕು ವರ್ಷದಲ್ಲಿ ಅಪ್ಪ ಹಾಗೆ ನಡೆದದ್ದನ್ನು ಅವಳು ನೋಡಿರಲಿಲ್ಲ.

ಹಾಲ್ಮಡಿ ಕೊಳ್ಳವೆಂದರೆ ಎರಡು ಗುಡ್ಡಗಳ ನಡುವೆ ಇಳಿದ ಸೀಳು. ತಳದಲ್ಲಿ ಹಳ್ಳ, ಎರಡೂ ಬದಿಗೆ ಬೈನೆ ಮರಗಳು, ಅವುಗಳ ಕೆಳಗೆ ಎದೆಯೆತ್ತರದ ಬೈನೆ ಸಸಿಗಳು. ನಡುವೆ ಮುನ್ನೂರ ಹದಿನೇಳನೇ ಕಂಬ ಗಂಭೀರವಾಗಿ ನಿಂತಿತ್ತು. ಮಳೆ ಒಂದು ಗಳಿಗೆ ಬಿಟ್ಟು ಬಿಸಿಲು ಬಿದ್ದಿತ್ತು. ಮೋಹಿನಿ ಅಭ್ಯಾಸದಂತೆ ಬಗ್ಗಿ ಎಲೆಗಳ ಮೇಲ್ಮೈ ನೋಡತೊಡಗಿದಳು.

"ಅಲ್ಲಿ ಎಂತ ಸಿಗೂದಿಲ್ಲ" ಎಂದ ಮಾಸ್ತಪ್ಪ. "ಹಗ್ಲು ಅದು ಎಲೆ ಅಡಿಗೆ ಅಂಟ್ಕಂಡು ಮಲಗ್ತದೆ. ಕಪ್ಪೆ ಹುಡುಕ್ಬೇಡ. ಕೆಳಗೆ ಕುಕ್ಕರಗಾಲಲ್ಲಿ ಕೂತು ಎಲೆ ಅಡಿಯಿಂದ ಸೂರ್ಯನ್ನ ನೋಡು. ನೆರಳು ಹುಡುಕು."

ಅವಳು ಕೂತಳು. ಬಿಸಿಲು ಎಲೆಗಳನ್ನು ದಾಟಿ ಬರುತ್ತಿತ್ತು, ಒಂದೊಂದು ಎಲೆಯ ನರವೂ ಕಾಣುತ್ತಿತ್ತು. ಎರಡನೇ ಸಸಿಯಲ್ಲಿ ಕಪ್ಪು ಚುಕ್ಕೆ ಕಂಡಿತು. ತಿರುಗಿಸಿ ನೋಡಿದರೆ ಬಸವನಹುಳು. ಇನ್ನೊಂದು ಒಣಗಿದ ಎಲೆಯ ಚೂರು. ಮೂರನೆಯದು ಕಪ್ಪೆಯೇ, ಆದರೆ ಕಂದು ಬೆನ್ನಿನ ಮಾಮೂಲಿ ಪೊದೆಗಪ್ಪೆ. ಅಪ್ಪ ಹಿಂದೆ ನಿಂತು "ಅಲ್ಲ, ಅಲ್ಲ, ಅದಲ್ಲ" ಎಂದು ಶಾಲೆ ಮಾಸ್ತರನ ಹಾಗೆ ತಲೆಯಾಡಿಸುತ್ತಿದ್ದ. ಅರ್ಧ ಗಂಟೆಯಲ್ಲಿ ಮೊಣಕಾಲಿಗೆ ಎರಡು ಉಂಬಳ ಹತ್ತಿ ರಕ್ತ ಹೀರತೊಡಗಿದವು.

ಹನ್ನೊಂದನೇ ಸಸಿಯಲ್ಲಿ ಮೀನಿನ ಬಾಲದಂಥ ಎಲೆಯ ನಡುವೆ ಒಂದು ಪುಟ್ಟ ನೆರಳು, ಕಾಲು ಮಡಚಿ ಕೂತದ್ದು. ಅವಳು ಎಲೆಯನ್ನು ಎರಡೇ ಬೆರಳಲ್ಲಿ ಹಿಡಿದು ಮೆಲ್ಲಗೆ ಬಾಗಿಸಿದಳು.

ಹೆಬ್ಬೆರಳ ಉಗುರಿನಷ್ಟು ದೇಹ. ಬೆರಳ ತುದಿಗಳಲ್ಲಿ ಅಗಲವಾದ ಅಂಟುಬಿಲ್ಲೆ, ಅಂದರೆ ಮರಗಪ್ಪೆ, ಸಂಶಯವಿಲ್ಲ. ಮುಂಗಾಲ ಬೆರಳುಗಳ ನಡುವೆ ಚರ್ಮದ ಜಾಲವಿಲ್ಲ. ಬೆನ್ನು ಎಲೆಯದೇ ಹಸಿರು. ಅರವತ್ತೊಂದರಲ್ಲಿ ಇಷ್ಟು ಸಣ್ಣ ಹಸಿರಿನವು ನಾಲ್ಕೇ; ನಾಲ್ಕಕ್ಕೂ ಕಣ್ಣಿನಿಂದ ಹಿಂದಕ್ಕೆ ಬಿಳಿ ಗೆರೆ ಇರುತ್ತದೆ. ಇದಕ್ಕಿರಲಿಲ್ಲ. ಕಪ್ಪೆ ಎಚ್ಚರಗೊಂಡು ಒಂದು ಕಾಲು ಚಾಚಿತು. ತೊಡೆಯ ಒಳಗೆ ಅರಿಶಿನ ಬಣ್ಣದ ಮೂರು ಚುಕ್ಕೆ. ಮೋಹಿನಿ ಚುಕ್ಕೆಗಳನ್ನು ಎರಡು ಸಲ ಎಣಿಸಿದಳು. ಇಷ್ಟು ವರ್ಷ ಕಪ್ಪೆಗಳ ಅನ್ನ ಉಂಡವಳಿಗೆ ಅಳು ಬರುವಷ್ಟು ಸಂತೋಷವಾಯಿತು.

"ಇದು ಯಾವ ಪುಸ್ತಕದಲ್ಲೂ ಇಲ್ಲ ಅಪ್ಪ."

"ಪುಸ್ತಕ ಬರ್ದವ ಇಲ್ಲಿ ಕುಕ್ಕರಗಾಲಲ್ಲಿ ಕೂತಿದ್ನನಾ? ತಡಿ, ಮೋಡ ಮುಚ್ಲಿ."

ಕಾಯುವುದೇನೂ ಹೆಚ್ಚಾಗಲಿಲ್ಲ. ಆಷಾಢದ ಬಿಸಿಲು ಎಷ್ಟು ಹೊತ್ತಿನದು? ಕೊಳ್ಳ ಕಪ್ಪಾಯಿತು, ಹನಿ ಶುರುವಾಯಿತು. ಎಲೆಯಡಿಯ ಕಪ್ಪೆ ಮೇಲಕ್ಕೆ ತೆವಳಿ ಬಂತು. ಗಂಟಲ ಚೀಲ ಉಬ್ಬಿತು.

ಟಕ್, ಟಕ್, ಟಕ್, ಟಕ್. ಒಂದು ಬಿಡುವು. ಮತ್ತೆ ನಾಲ್ಕು. ಎದುರು ಬದಿಯಿಂದ ಇನ್ನೊಂದು ಉತ್ತರ ಕೊಟ್ಟಿತು. ಇಡೀ ಕೊಳ್ಳದ ತುಂಬ ಕಾಣದ ಕೊಡತಿಗಳು ಕೆಲಸಕ್ಕೆ ಇಳಿದವು.

ಮೋಹಿನಿಯ ಕೈಯಲ್ಲಿದ್ದ ಟ್ಯಾಬ್ ಗುಂಯ್ ಎಂದಿತು. ಕಂಬದಿಂದ ನೂರು ಹೆಜ್ಜೆಯೊಳಗಿದ್ದರೆ ಅದರ ಸದ್ದಿಗೆ ಕೇಳುಯಂತ್ರ ಬರೆದ ಹೆಸರನ್ನು ಗುರುತುಗಾರರು ಆಗಿಂದಾಗಲೇ ಓದಬಹುದಿತ್ತು. ಅವಳು ಗಟ್ಟಿಯಾಗಿ ಓದಿದಳು. "ಮಾನವ ಚಟುವಟಿಕೆ. ಬೈನೆ ಕುಟ್ಟುವಿಕೆ. ಖಚಿತತೆ ನೂರಕ್ಕೆ ತೊಂಬತ್ತೆಂಟು."

ಮಾಸ್ತಪ್ಪ ಕಂಬದ ಎದುರಿಗೆ ಹೋಗಿ ನಿಂತು, ಬೆರಳು ಬಿಡಿಸಿ ಎರಡೂ ಕೈ ಮೇಲೆತ್ತಿದ. ಮಳೆ ಅವನ ಖಾಲಿ ಅಂಗೈಗಳ ಮೇಲೆ ಬಿದ್ದು ಮೊಣಕೈಯಿಂದ ಇಳಿಯುತ್ತಿತ್ತು. ಟಕ್, ಟಕ್, ಟಕ್, ಟಕ್. ಟ್ಯಾಬ್ ಮತ್ತೆ ಗುಂಯ್ ಎಂದಿತು. ಬೈನೆ ಕುಟ್ಟುವಿಕೆ. ತೊಂಬತ್ತೆಂಟು.

"ಬರಿ!" ಎಂದು ಅವನು ಕಂಬಕ್ಕೆ ಕೂಗಿದ. "ಇನ್ನೊಂದ್ಸಲ ಬರಿ! ನನ್ನ ಕೈ ನೋಡು, ಬರಿ!"

ಕಂಬಕ್ಕೆ ಕೈ ಕಾಣುತ್ತಿರಲಿಲ್ಲ. ಅದು ಬರೆಯುತ್ತಲೇ ಹೋಯಿತು. ಮೋಹಿನಿ ಹಲ್ಲು ಕಚ್ಚಿಕೊಂಡು ಟ್ಯಾಬಿನಲ್ಲಿ ಆ ಹೆಸರಿನ ಮೂಲವನ್ನು ತೆರೆದಳು. ಪ್ರತಿ ಸದ್ದಿನ ಹೆಸರನ್ನೂ ಯಂತ್ರಕ್ಕೆ ಮೊದಲು ಕಲಿಸಿದ ಮನುಷ್ಯನೊಬ್ಬ ಇರುತ್ತಾನೆ. ಆ ಮಹಾರಾಯ ಯಾರೆಂದು ನೋಡಿ ಜಾಡಿಸುವ ಅಂದಾಜು ಅವಳದು. ತೆರೆಯ ಮೇಲೆ ಬಂತು: ಮೂಲ ಗುರುತು, ಗುರುತುಗಾರ ಸಂಖ್ಯೆ ಇಪ್ಪತ್ತಾರು. ಅವಳ ಕೊರಳ ಬಿಲ್ಲೆಯ ಮೇಲೆ ಇದ್ದದ್ದೂ ಇಪ್ಪತ್ತಾರು.

ಎಲ್ಲ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಒಂದು ದೊಡ್ಡ ಹಾಲಿನಲ್ಲಿ ನಲವತ್ತು ಜನ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ಮೂರು ಮೂರು ಸೆಕೆಂಡಿನ ಸದ್ದು, ಪಕ್ಕದಲ್ಲಿ ಹೆಸರು ಬರೆಯಬೇಕು. ಪ್ರಾಣಿಗಳ ದನಿಗೆ ಐದು ಜನ ತಜ್ಞರ ಒಪ್ಪಿಗೆ ಬೇಕಿತ್ತು. ಮನುಷ್ಯರ ಸದ್ದಿಗೆ, ಅಂದರೆ ಕೊಡಲಿ, ಕೆಮ್ಮು, ದನದ ಗಂಟೆ, ಇಂಥವಕ್ಕೆ ಒಬ್ಬರ ಮಾತು ಸಾಕಾಗಿತ್ತು. ಅದಕ್ಕೆ ಜಗಳವಾಡುವವರು ಯಾರು? ಒಂದು ದಿನ ಟಕ್ ಟಕ್ ಎಂಬ ಸದ್ದು ಬಂದಾಗ ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತಮೂರು ವರ್ಷದ ಮೋಹಿನಿ ಮಾತ್ರ ಕೈ ಎತ್ತಿದಳು. "ಇದು ಬೈನೆ ಕುಟ್ಟೂದು. ನಮ್ಮಪ್ಪ ಹೀಗೇ ಕುಟ್ತಾನೆ" ಎಂದಳು. ಎಲ್ಲರೂ ತಿರುಗಿ ನೋಡಿದರು. ಅಷ್ಟು ಓದಿದವರ ನಡುವೆ ತನಗೊಬ್ಬಳಿಗೇ ಗೊತ್ತಿದ್ದ ವಿದ್ಯೆ ಎಂದು ಅವಳು ಅಂದು ಉಬ್ಬಿಹೋಗಿದ್ದಳು.

ಮನುಷ್ಯರ ಸದ್ದು ಎಂದು ಒಮ್ಮೆ ಬರೆದರೆ ಮುಗಿಯಿತು. ಜನರ ಖಾಸಗಿತನಕ್ಕೆ ಧಕ್ಕೆಯಾಗಬಾರದೆಂದು ಅಂಥ ಧ್ವನಿಗೆ ಬೀಗ ಬೀಳುತ್ತಿತ್ತು, ಹೆಸರು ಮಾತ್ರ ಕಡತಕ್ಕೆ ಬರುತ್ತಿತ್ತು. ಹೀಗೆ ಹನ್ನೊಂದು ವರ್ಷ ಕುಟ್ಟುಗಪ್ಪೆ ಕೂಗಿದ್ದೇ ಕೂಗಿದ್ದು, ಕೇಂದ್ರದಲ್ಲಿ ಒಬ್ಬರ ಕಿವಿಗೂ ಅದು ಬೀಳಲಿಲ್ಲ.

"ಅಪ್ಪ" ಎಂದಳು ಮೋಹಿನಿ. ಟ್ಯಾಬನ್ನು ಅವನ ಕಡೆ ತಿರುಗಿಸಿದಳು. "ಯಂತ್ರಕ್ಕೆ ಹೇಳಿಕೊಟ್ಟದ್ದು ನಾನೇ. ನಿನ್ನ ಕೈ ಅಂತ ತಿಳ್ಕಂಡೆ. ನಿನ್ನ ಚೀಟಿ ಹೋಗಿದ್ದು ನನ್ನಿಂದ."

ಮಾಸ್ತಪ್ಪ ಎತ್ತಿದ ಕೈಗಳನ್ನು ನಿಧಾನವಾಗಿ ಇಳಿಸಿದ. ಟಕ್ ಟಕ್ ಬರುತ್ತಿದ್ದ ಮರದ ಕಡೆ ಕಿವಿ ಕೊಟ್ಟ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಸುಲಭವಿತ್ತು.

"ನಂಗೇ ಎಷ್ಟೋ ಸಲ ಮೋಸ ಆಗದೆ" ಎಂದ ಕೊನೆಗೆ. "ಸಣ್ಣಕಿರುವಾಗ ನಮ್ಮಪ್ಪ ಬಂದ ಅಂತ ಇದ್ರ ಹಿಂದೆ ಓಡಿದ್ದೆ." ಮುಖದ ನೀರು ಒರೆಸಿಕೊಂಡು ಮಗಳ ಕಡೆ ತಿರುಗಿದ. "ಹೇಳಿಕೊಟ್ಟದ್ದು ನೀನು. ತಿದ್ದೂದೂ ನೀನೇ. ಇವತ್ತೇ ತಿದ್ದು."

ಇವತ್ತೇ ತಿದ್ದಲು ಬರುವಂತಿರಲಿಲ್ಲ. ಕಚೇರಿ ತೆರೆಯುವುದು ಸೋಮವಾರ.

ಸೋಮವಾರ ಹತ್ತು ಗಂಟೆಗೆ ಮೋಹಿನಿ ಹುಕ್ಕೇರಿಯವರ ಮೇಜಿನ ಮೇಲೆ ಗುರುತು ಹಿಂತೆಗೆಯುವ ನಮೂನೆ ಇಟ್ಟಳು. ಅಂಥದ್ದೊಂದು ನಮೂನೆ ಇದೆಯೆಂದು ಎಲ್ಲರಿಗೂ ಗೊತ್ತಿತ್ತು, ತುಂಬಿದವರು ಯಾರೂ ಇರಲಿಲ್ಲ. ಅವಳು ಶನಿವಾರದ್ದೆಲ್ಲ ಹೇಳಿ ಮುಗಿಸಿದಳು.

ಹುಕ್ಕೇರಿ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. "ನಿಮ್ಮನ್ನ ನಾ ನಂಬತೀನಿ. ನನ್ನ ನಂಬಿಕಿ ಸಾಕ್ಷಿ ಅಲ್ಲ. ಎರಡು ವರ್ಷದ ಸಂಶೋಧನಾ ಪ್ರಸ್ತಾವ ಬರೀರಿ, ನಾ ಸಹಿ ಹಾಕತೀನಿ."

"ಎರಡು ವರ್ಷಕ್ಕೆ ಹಾಲ್ಮಡಿಯಲ್ಲಿ ನೀರು ನಿಂತಿರ್ತದೆ ಸರ್."

"ಈ ನಮೂನಿ ಏನು ಮಾಡತದ ಗೊತ್ತದ ಏನು? ಒಬ್ಬರ ಮಾತಿನ ಮ್ಯಾಲೆ ನಿಂತ ಗುರುತು ಒಂದು ಸುಳ್ಳಾದ್ರ, ಅವರು ಹಂಗ ಕೊಟ್ಟ ಎಲ್ಲಾ ಗುರುತೂ ರದ್ದು. ನೀವು ಕೊಟ್ಟಿದ್ದು ಹನ್ನೊಂದು ಸಾವಿರದ ನಾನೂರು. ಅದರಾಗ ಕೊಡಲಿ ಸಪ್ಪಳ ಅದ, ನಾಡಬಂದೂಕಿನ ಸಪ್ಪಳ ಅದ. ನಾಳಿಂದ ಯಾವನರೆ ಮರ ಕಡದ್ರ ನಮ್ಮ ಯಂತ್ರಕ್ಕ ಅದೇನು ಅನ್ನೂದ ತಿಳಿಯೂದಿಲ್ಲ. ಆರೇಳು ತಿಂಗಳು ನಾವು ಕಿವುಡರು. ನಿಮ್ಮ ಪರವಾನಗಿ ಹೋಗತದ, ಅದು ಬ್ಯಾರೆ."

ಅದು ಬೆದರಿಕೆಯಾಗಿರಲಿಲ್ಲ, ನಿಜವಾಗಿತ್ತು. ಮೋಹಿನಿ ಎರಡು ರಾತ್ರಿ ಅದನ್ನೇ ತಿರುವಿಹಾಕಿದ್ದಳು. ಕೊಡಲಿಯವರ ಯೋಚನೆ ಬಂದಾಗ ಎದ್ದು ಕೂರುತ್ತಿದ್ದಳು.

"ಕಾವಲಿಗೆ ಎಷ್ಟು ಜನ ಇದ್ದಾರೆ ಸರ್ ನಮ್ಮಲ್ಲಿ?"

"ತೊಂಬತ್ತು."

"ಅವರು ಕಾಡಿಗೆ ಹೋಗಿ ಎಷ್ಟು ವರ್ಷ ಆಯ್ತು?"

ಹುಕ್ಕೇರಿ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. ತೊಂಬತ್ತು ಜನವೂ ಕೆಳಗಿನ ಮಹಡಿಯಲ್ಲಿ ತೆರೆಗಳ ಮುಂದೆ ಕೂತು ಚಹಾ ಕುಡಿಯುತ್ತಿದ್ದರು.

"ಆರು ತಿಂಗಳು ಅವರು ನಡೀಲಿ" ಎಂದಳು ಮೋಹಿನಿ. "ಕಂಬಕ್ಕೆ ಕಾಲಿಲ್ಲ, ಅವರಿಗೆ ಉಂಟು. ನನ್ನಪ್ಪ ಮಳೆಯಲ್ಲಿ ಕೈ ಎತ್ತಿ ನಿಂತಿದ್ದ ಸರ್. ನಿಮ್ಮ ಕಂಬ ಅವನ ಮುಖದ ಮೇಲೇ ಕುಟ್ಟಿದ ಅಂತ ಬರೀತು. ಅದು ಬರೆದದ್ದು ನನ್ನ ಮಾತು, ಯಂತ್ರದ್ದಲ್ಲ. ನನ್ನ ಮಾತು ವಾಪಸ್ ತಗೊಳ್ಳೋಕೆ ನನಗೆ ಹಕ್ಕಿದೆ. ನೀವು ಸಹಿ ಹಾಕದಿದ್ರೂ ನಮೂನೆ ಜಾರಿ ಆಗ್ತದೆ, ಹನ್ನೆರಡನೇ ನಿಯಮ. ಅದನ್ನು ಬರೆದವರು ನೀವೇ."

ಹುಕ್ಕೇರಿ ನಮೂನೆ ಎತ್ತಿಕೊಂಡು ಮೊದಲಿನಿಂದ ಓದಿದರು. ಆ ಜಾಲದಲ್ಲಿ ಅವರ ಹನ್ನೆರಡು ವರ್ಷ ಇತ್ತು. ಕೊನೆಗೆ ನಮೂನೆಯನ್ನು ಅವಳ ಕಡೆಗೇ ಸರಿಸಿ, "ಬರದಾವ ನಾನ" ಎಂದರು. "ಯಾರೂ ಉಪಯೋಗಸೂದಿಲ್ಲ ಅಂತ ಬರದಿದ್ದೆ. ಹಾಕ್ರಿ ಸಹಿ."

ಅವಳು ಹಾಕಿದಳು. ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು.

ಇಬ್ಬರೂ ನಿಯಂತ್ರಣ ಕೊಠಡಿಗೆ ಬಂದಾಗ ಎಲ್ಲರೂ ಎದ್ದು ನಿಂತರು. ಗುರುತು ರದ್ದಾದದ್ದರಿಂದ ಅದರ ಕೆಳಗಿನ ಧ್ವನಿಗಳು ಮನುಷ್ಯರ ಸದ್ದಾಗಿ ಉಳಿಯಲಿಲ್ಲ, ಬೀಗ ತಾನಾಗಿ ಬಿಚ್ಚಿತು. ಹುಕ್ಕೇರಿ ತಾವೇ ಗುಂಡಿ ಒತ್ತಿದರು. ಹನ್ನೊಂದು ವರ್ಷದ ಹಿಂದಿನ ಜುಲೈ ತಿಂಗಳ ಒಂದು ಸಂಜೆ ಕೊಠಡಿ ತುಂಬ ಕೇಳಿಸಿತು. ಸುರಿಯುವ ಮಳೆ, ಅದರ ನಡುವೆ ಟಕ್, ಟಕ್, ಟಕ್, ಟಕ್. ಒಂದು ಬಿಡುವು. ಇನ್ನೊಂದು ದಿಕ್ಕಿನಿಂದ ಉತ್ತರ. ಮತ್ತೊಂದು ದಿಕ್ಕಿನಿಂದ ಇನ್ನೂ ಒಂದು.

"ಒಬ್ಬ ಮನಷ್ಯಾ ಒಂದ ಸಲಕ್ಕ ಮೂರು ಮರದಾಗ ಹೆಂಗ ಕುಟ್ಟತಾನ್ರೀ?" ಎಂದರು ಹುಕ್ಕೇರಿ, ತಮಗೆ ತಾವೇ ಕೇಳಿಕೊಂಡಂತೆ. ಇನ್ನೊಮ್ಮೆ ಗುಂಡಿ ಒತ್ತಿದರು. ತಾವು ಕಟ್ಟಿದ ಯಂತ್ರ ಇಷ್ಟು ಚೆಂದವಾಗಿ ಕೇಳಿದೆ, ತಾವೇ ಕೇಳಲಿಲ್ಲ ಎಂಬುದು ಅವರಿಗೆ ಅರ್ಥವಾಗಿತ್ತು.

ಗೋಡೆಯ ನಕ್ಷೆಯಲ್ಲಿ ಹಾಲ್ಮಡಿಯ ಚುಕ್ಕೆ ಹಳದಿಯಾಯಿತು. ಅಪರಿಚಿತ ಜೀವಧ್ವನಿ. ಅದರ ಗುರುತು ತಿಳಿಯುವವರೆಗೆ ಆ ಜಾಗವನ್ನು ಖಾಲಿ ಪಟ್ಟಿಗೆ ಹಾಕುವಂತಿಲ್ಲ, ಇದೂ ಕಾನೂನೇ. ಅಷ್ಟಕ್ಕೇ ನಿಲ್ಲಲಿಲ್ಲ. ಪಕ್ಕದ ಕೊಳ್ಳ ಹಳದಿಯಾಯಿತು, ಅದರಾಚೆಯದು, ಅದರಾಚೆಯದು. ಉತ್ತರಕ್ಕೂ ದಕ್ಷಿಣಕ್ಕೂ ಅರವತ್ತನಾಲ್ಕು ಕೊಳ್ಳಗಳಲ್ಲಿ ಹೆಂಡ ಇಳಿಸುವವರ ಮೇಲೆ ಬಂದಿದ್ದ ಅಪವಾದವೆಲ್ಲ ಕಪ್ಪೆಯಾಗಿ ತಿರುಗಿತು. ಐದು ಗಂಟೆಗೆ ಮುಚ್ಚಬೇಕಿದ್ದ ಪಟ್ಟಿ ಮುಚ್ಚಲಿಲ್ಲ.

ಆಮೇಲೆ ಬಂದ ತಿಂಗಳುಗಳೇನೂ ಸುಲಭದವಲ್ಲ. ಕ್ವಾರ್ಟರ್ಸ್ ಬಿಟ್ಟು ಮೂವರೂ ಹಾಲ್ಮಡಿಯ ಕೆಳಗಿನ ಊರಿಗೆ ಬಂದರು. ಪತ್ರಿಕೆಗಳಲ್ಲಿ ಮೋಹಿನಿಯನ್ನು ಬೈದದ್ದೂ ಉಂಟು. ಎರಡು ಕಡೆ ಮರಗಳ್ಳತನವಾಯಿತು, ಅದರ ಸುದ್ದಿ ಬಂದ ದಿನ ಅವಳು ಉಣ್ಣಲಿಲ್ಲ. ಆದರೆ ತೊಂಬತ್ತು ಜನ ಕಾವಲಿನವರು ಬೂಟು ಹಾಕಿಕೊಂಡು ಕಾಡಿಗಿಳಿದರು, ಮೂರನೇ ಕಳವು ಮಾಡಿದವರು ಸಿಕ್ಕಿಬಿದ್ದರು. ಗುರುತುಗಳನ್ನು ಹೊಸದಾಗಿ ಪರೀಕ್ಷಿಸಲು ಕೇಂದ್ರದಿಂದ ಜನ ಬಂದರೆ ಮೋಹಿನಿ ಅವರನ್ನು ಕುಕ್ಕರಗಾಲಲ್ಲಿ ಕೂರಿಸಿ ನೆರಳು ಹುಡುಕಿಸುತ್ತಿದ್ದಳು. ಅವಳ ಹತ್ತಿರ ಪರವಾನಗಿ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಮಾಸ್ತಪ್ಪನ ಕಾಡುಚೀಟಿ ವಾಪಸು ಬಂತು. ಜೊತೆಗೆ ಒಂದು ಕಾಗದ, ಹೊಸ ಕಪ್ಪೆಗೆ ತಮ್ಮ ಹೆಸರಿಡಲು ಒಪ್ಪಿಗೆ ಕೊಡಿ ಎಂದು. "ನನ್ನ ಹೆಸ್ರು ಎಂತಕೆ? ಅದಕ್ಕೆ ಹೆಸ್ರು ಅದೆ" ಎಂದು ಹೇಳಿ ಅವನು ಕಾಗದವನ್ನು ಗೌರಿಗೆ ಒಲೆ ಹಚ್ಚಲು ಕೊಟ್ಟ.

ಬೇಸಿಗೆ ಹಿಡಿದ ಮೊದಲ ವಾರ ಅವನು ಕೊಡತಿ ಹೆಗಲಿಗೇರಿಸಿಕೊಂಡು ಮಗಳ ಜೊತೆ ಹೊರಟ. ಹೊಸ ಚೀಟಿಯಲ್ಲಿ ಹಾಲ್ಮಡಿಯ ಬಾಯಿಯಲ್ಲಿದ್ದ ಮೂರು ಮರಗಳೂ ಇದ್ದವು. ಮೊದಲ ಮರದ ಬುಡದ ಸಸಿಯನ್ನು ಬೆಳಕಿಗೆ ಹಿಡಿದು ನೋಡಿದ. ಪುಟ್ಟ ನೆರಳು ಕಂಡಿತು, ಆ ಮರ ಬಿಟ್ಟ. ಎರಡನೆಯದರಲ್ಲೂ ಕಂಡಿತು, ಅದನ್ನೂ ಬಿಟ್ಟ. ಮೂರನೆಯದರಲ್ಲಿ ಯಾರೂ ಇರಲಿಲ್ಲ. ಹತ್ತಿ ಕೂತು, ನಾಲ್ಕು ವರ್ಷದ ಮೇಲೆ ಮೊದಲ ಸಲ ದಂಟಿಗೆ ಕೊಡತಿ ಹಚ್ಚಿದ. ಟಕ್, ಟಕ್, ಟಕ್.

ಕೆಳಗೆ ಮೋಹಿನಿಯ ಜೊತೆ ಬಂದಿದ್ದ ಕೇಂದ್ರದವನೊಬ್ಬನ ಟ್ಯಾಬ್ ಗುಂಯ್ ಎಂದಿತು. ಅವಳು ಇಣುಕಿ ನೋಡಿದಳು, ನಗು ತಡೆಯಲಾರದೆ ಮರದ ಬುಡ ಹಿಡಿದುಕೊಂಡಳು. ಅವಳ ಗುರುತು ರದ್ದಾದ ಮೇಲೆ ಬೈನೆ ಕುಟ್ಟುವುದೆಂದರೇನೆಂದು ಯಂತ್ರಕ್ಕೆ ಯಾರೂ ಹೊಸದಾಗಿ ಕಲಿಸಿರಲಿಲ್ಲ.

"ಎಂತ ಬರೀತು?" ಎಂದು ಮೇಲಿನಿಂದ ಅಪ್ಪ ಕೂಗಿದ.

"ಅಪರಿಚಿತ ಜೀವಧ್ವನಿ ಅಂತ ಬರೀತು ಅಪ್ಪ. ನೀ ಇಲ್ಲಿ ಇರೂ ತನಕ ಈ ಜಾಗ ಖಾಲಿ ಅಲ್ಲ."

ಮರದ ಮೇಲೆ ಮಾಸ್ತಪ್ಪ ಕೊಡತಿ ನಿಲ್ಲಿಸಿ ಕೆಳಗೆ ಇಣುಕಿದ. ಆಮೇಲೆ ಕೊಳ್ಳಕ್ಕೆಲ್ಲ ಕೇಳುವಂತೆ ನಕ್ಕು, ಕೊಡತಿಯನ್ನು ಮೊದಲಿಗಿಂತ ಜೋರಾಗಿ ಬೀಸಿದ.

"ಹಂಗಾರೆ ಬರಿ ಅನ್ನು!"